ಜಗಳ ಬಿಟ್ಟವಳು

ಜನವರಿ ೨೧, ಮಂಗಳವಾರ

ಮಗಳ ಮಜ್ಜೆ ಮಗನಿಗೆ ಹೊಂದಿತು. ಆಸ್ಪತ್ರೆಯಿಂದ ಫೋನು ಬಂದಾಗ ನಾನು ಬಸ್ಸಿನ ಸೀಟಿನ ಕವರಿಗೆ ಅಂಚು ಹೊಲಿಯುತ್ತಿದ್ದೆ. ಮಿಷನ್ನಿನ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಹೊರಗೆ ಓಡಿ ಹೋಗಿ ಮತ್ತೊಮ್ಮೆ ಹೇಳಿಸಿಕೊಂಡೆ. ನನ್ನದು, ಅವರ ಅಪ್ಪನದು ಎರಡೂ ಅರ್ಧಂಬರ್ಧ. ಅವನ ತಂಗಿಯದು ಪೂರ್ತಿ.

ಮಗನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದದ್ದು ಅವನು ಮೂರನೇ ತರಗತಿಯಲ್ಲಿದ್ದಾಗ. ಈಗ ಹನ್ನೊಂದು ವಯಸ್ಸು. ಮಾತ್ರೆ, ಬೆನ್ನಿಗೆ ಸೂಜಿ, ಕೂದಲು ಉದುರಿ ಮತ್ತೆ ಬಂದದ್ದು ಎಲ್ಲ ಆಯಿತು. ಇನ್ನು ಮುಗಿಯಿತು ಎಂದು ನಾವು ಉಸಿರು ಬಿಡುವಷ್ಟರಲ್ಲಿ ಮತ್ತೆ ಬಂದಿದೆ. ಬರಿಯ ಔಷಧಿಯಿಂದ ಇನ್ನು ಆಗುವುದಿಲ್ಲ, ಅವನ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಸುಟ್ಟು ಒಡಹುಟ್ಟಿದವರ ಮಜ್ಜೆ ಕೊಡಬೇಕು, ಹೊಂದಿದರೆ ನಿಮ್ಮ ಅದೃಷ್ಟ ಎಂದಿದ್ದರು ಡಾಕ್ಟರು.

ಒಳಗೆ ಬಂದು ಹೇಳಿದೆ. ಸೀಟು ಹೊಲಿಯುವ ಅಂಗಡಿಯ ಯಜಮಾನರು ಎಲ್ಲರಿಗೂ ಟೀ ತರಿಸಿದರು. ಫೋಮ್ ಕತ್ತರಿಸುವವನನ್ನು ನಾವು ಫೋಮಣ್ಣ ಎನ್ನುತ್ತೇವೆ. ಅವನು, "ಆ ಗಯ್ಯಾಳಿ ರಕ್ತ ಒಳಗೆ ಹೋದ್ಮೇಲೆ ಹುಡುಗ ಸುಮ್ನೆ ಮಲಗಿರ್ತಾನಾ? ಆಸ್ಪತ್ರೆ ಮಂಚ ಮುರೀತಾನೆ, ನೋಡ್ತಿರಿ" ಎಂದ. ಬಹಳ ದಿನಗಳ ಮೇಲೆ ನಕ್ಕೆ.

ಅವನು ಹೇಳಿದ್ದು ಸುಳ್ಳಲ್ಲ. ಮಗಳಿಗೆ ಏಳು ವರ್ಷ. ಅಣ್ಣ ಅವಳಿಗಿಟ್ಟ ಹೆಸರು ಮೆಣಸು, ಅದೇ ನಿಂತಿದೆ. ಅವನು ಬಚ್ಚಲಲ್ಲಿ ತಡ ಮಾಡಿದರೆ ಬಾಗಿಲು ಒದೆಯುತ್ತಾಳೆ. ಹಾಸಿಗೆಯ ನಡುವೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಾಳೆ. ಸಂಜೆ ವಿಷಯ ಹೇಳಿದಾಗ, "ನಂದು ತಗೊಂಡು ಆಮೇಲೆ ವಾಪಸ್ ಕೊಡ್ತಾನಾ?" ಎಂದು ಕೇಳಿದಳು.

"ಇಲ್ಲ, ಅವನ ಹತ್ರಾನೇ ಇರುತ್ತೆ."

"ನನ್ನ ಸ್ಕೇಲೂ ಹಂಗೇ ಇಟ್ಕೊಂಡ."

ಈ ಡೈರಿ ರೆಕ್ಸಿನ್ ಅಂಗಡಿಯವರು ಯಜಮಾನರಿಗೆ ಕೊಟ್ಟದ್ದು. ಕೇಳಿ ತಂದೆ. ಇಂಥ ಒಂದು ದಿನವನ್ನು ಎಲ್ಲಾದರೂ ಬರೆದಿಡಬೇಕು ಅನ್ನಿಸಿತು.


ಜನವರಿ ೨೭, ಸೋಮವಾರ

ಮಗನನ್ನು ಆಸ್ಪತ್ರೆಯ ಗಾಜಿನ ಕೋಣೆಯೊಳಗೆ ಸೇರಿಸಿದೆವು. ನನಗೆ ಜೊತೆಗೆ ಹೋಗಲಾಗಲಿಲ್ಲ.

ಎಲ್ಲ ನನ್ನ ಕೈಯಲ್ಲೇ ಇತ್ತು. ಅವನ ಬಟ್ಟೆ ಕುದಿಸಿ ಒಣಗಿಸಿ ಇಸ್ತ್ರಿ ಮಾಡಿದವಳು ನಾನು, ಯಾವ ಚೀಲದಲ್ಲಿ ಏನಿದೆ ಎಂದು ಗೊತ್ತಿದ್ದವಳು ನಾನು. ನಿನ್ನೆಯಿಂದ ಸ್ವಲ್ಪ ನೆಗಡಿ. ಆ ಗಾಜಿನ ಬಾಗಿಲ ಹತ್ತಿರ ಹೋಗಿ ಒಂದು ಸಲ ಸೀನಿದೆ. ನರ್ಸಮ್ಮ ಅಲ್ಲಿಯೇ ತಡೆದರು.

"ನೀವು ಬೇಡ. ಅವರ ಅಪ್ಪ ಬರಲಿ."

"ಎರಡು ದಿನ ಅವರಿರಲಿ, ನೆಗಡಿ ಹೋದ್ಮೇಲೆ ನಾನು ಬರ್ತೀನಿ."

"ಒಳಗೆ ಹೋದೋರೇ ಕೊನೆ ತನಕ ಇರಬೇಕು ಅಮ್ಮ. ದಿನಕ್ಕೊಬ್ಬರು ಹತ್ತಿ ಇಳಿಯೋಕೆ ಇದೇನು ಬಸ್ಸಾ?"

ಇವರು ತಾವು ಓಡಿಸುವ ಸ್ಕೂಲ್ ವ್ಯಾನಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಯಾವ ಚೀಲದಲ್ಲಿ ಏನಿದೆ ಎಂದು ಬಾಗಿಲು ಮುಚ್ಚುವವರೆಗೂ ಹೇಳುತ್ತಲೇ ಇದ್ದೆ. ಮಗ ತಿರುಗಿ ನೋಡಿ, "ಅಮ್ಮ, ನೀನು ಮನೇಗೆ ಹೋಗಿ ಸೀನು" ಎಂದ.


ಫೆಬ್ರವರಿ ೫, ಬುಧವಾರ

ಇದನ್ನು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಮೆಣಸಿನ ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಇಂದು ಕೈಗೆ ಸೂಜಿ ಹಾಕಬೇಕಿತ್ತು. ಅವಳು ಮಂಚದ ಕೆಳಗೆ ಹೊಕ್ಕು ಅದರ ಕಾಲು ಹಿಡಿದುಕೊಂಡಳು.

"ನಾನು ಕೊಡಲ್ಲ. ಅಪ್ಪಂದು ತಗೊಳ್ಳಿ. ಅಪ್ಪನ ಕಾಲು ಅಷ್ಟುದ್ದ ಇದೆ, ಅದರಲ್ಲಿ ಜಾಸ್ತಿ ಇರುತ್ತೆ."

ಚಾಕ್ಲೆಟ್ ಎಂದೆ, ಗೊಂಬೆ ಎಂದೆ. ಬೈದೆ. ಮಗನ ಮೈಯಲ್ಲಿದ್ದ ಮಜ್ಜೆಯನ್ನೆಲ್ಲ ಔಷಧಿ ಹಾಕಿ ಸುಟ್ಟು ಆಗಿದೆ, ಇವಳು ಒಲ್ಲೆ ಎಂದರೆ ಅವನಿಗೆ ಬೇರೆ ಗತಿಯಿಲ್ಲ. ಅದನ್ನು ಮಗುವಿಗೆ ಹೇಳುವುದು ಹೇಗೆ? ಕೊನೆಗೆ ನೆಲದ ಮೇಲೆ ಮಲಗಿ, ಮಂಚದ ಕೆಳಗೆ ಮುಖ ಹಾಕಿ, ಫೋಮಣ್ಣನ ಮಾತನ್ನೇ ಹಿಡಿದುಕೊಂಡೆ.

"ನೋಡು, ಬೇರೆ ಯಾರ ರಕ್ತಾನೂ ಆಗಲ್ಲ. ಅವೆಲ್ಲ ಮೆತ್ತಗಿನವು. ನಿಂದು ನಿನ್ನ ಥರಾನೇ ಜಗಳಗಂಟಿ. ಅಣ್ಣನ ಒಳಗೆ ಹೋಗಿ ಆ ಕಾಯಿಲೇನ ಜುಟ್ಟು ಹಿಡಿದು ಎಳೆದಾಡುತ್ತೆ. ಅದಕ್ಕೇ ಡಾಕ್ಟ್ರು ನಿಂದೇ ಬೇಕು ಅಂದಿದ್ದು."

ಅಳು ನಿಂತಿತು. ಯೋಚನೆ ಮಾಡಿದಳು.

"ನಾನು ಇಲ್ಲಿ ಜಗಳ ಆಡಿದ್ರೆ ಅದೂ ಅಲ್ಲಿ ಆಡುತ್ತಾ?"

"ಹೂಂ. ಚೆನ್ನಾಗಿ ಆಡುತ್ತೆ."

ತಾನಾಗಿಯೇ ಹೊರಗೆ ಬಂದು ಕೈ ಚಾಚಿದಳು. ನರ್ಸಮ್ಮ ನನ್ನ ಕಡೆ ನೋಡಿ, ಗೆದ್ದುಬಿಟ್ರಿ ಎಂಬಂತೆ ತಲೆಯಾಡಿಸಿದರು.


ಫೆಬ್ರವರಿ ೬, ಗುರುವಾರ

ಆಯಿತು. ದೊಡ್ಡ ಆಪರೇಷನ್ ಇರಬಹುದೆಂದುಕೊಂಡಿದ್ದೆ. ರಕ್ತದ ಚೀಲದಂಥದೇ ಒಂದು ಚೀಲವಂತೆ, ಕೊಳವೆಯಲ್ಲಿ ಮಗನೊಳಗೆ ಇಳಿದು ಹೋಯಿತಂತೆ. ಇವರು ಫೋನಿನಲ್ಲಿ, "ಅವನು ನೋಡ್ತಾ ನೋಡ್ತಾ ನಿದ್ದೆ ಹೋದ" ಎಂದರು.

ಮೆಣಸು ಎಚ್ಚರಾದ ಮೇಲೆ ಸೊಂಟ ನೋವೆಂದು ಅತ್ತಳು. ಆಮೇಲೆ ಕೇಳಿದ ಐಸ್‌ಕ್ರೀಮ್ ಒಂದು, ತಂದದ್ದು ಇನ್ನೊಂದು ಎಂದು ವಾರ್ಡಿನ ಆಯಾಳ ಜೊತೆ ಜಗಳಕ್ಕೆ ನಿಂತಳು. ನನ್ನ ಕಡೆ ತಿರುಗಿ, "ಈಗ ಅಲ್ಲೂ ಆಡ್ತಿರುತ್ತೆ, ಅಲ್ವಾ?" ಎಂದಳು.


ಫೆಬ್ರವರಿ ೨೩, ಭಾನುವಾರ

ಮಗನ ರಕ್ತಕಣಗಳ ಕೌಂಟ್ ಏರಿದೆ. ತಂಗಿಯ ಮಜ್ಜೆ ಅವನಲ್ಲಿ ಬೇರು ಬಿಟ್ಟಿದೆ ಎಂದರು. ಮುಂದೆ ಅವನ ರಕ್ತದ ಗುಂಪು ಕೂಡ ಬದಲಾಗಿ ಅವಳದೇ ಆಗುತ್ತದಂತೆ.

ಮಗ ಫೋನಿನಲ್ಲಿ, "ಅಮ್ಮ, ನಂಗೆ ಇವತ್ತು ಸುಮ್ಸುಮ್ನೆ ಸಿಟ್ಟು ಬರ್ತಿದೆ. ಅಪ್ಪನ ಚಪ್ಪಲಿ ಎಸೀಬೇಕು ಅನ್ಸುತ್ತೆ. ಎಲ್ಲಾ ಇವಳ ರಕ್ತದ್ದೇ ಕೆಲಸ" ಎಂದ.

ಮೆಣಸು ಫೋನು ಕಿತ್ತುಕೊಂಡು, "ಹಂಗಾದ್ರೆ ನೀನು ನಾನೇ. ನನ್ನ ಸ್ಕೇಲ್ ಕೊಡು ಕಳ್ಳ" ಎಂದಳು.

ಇವಳ ಜಗಳ ಮಿತಿ ಮೀರಿದೆ. ಶಾಲೆಯಲ್ಲಿ ಒಬ್ಬಳ ಊಟದ ಡಬ್ಬಿ ಕಿಟಕಿಯಿಂದ ಹೊರಗೆ ಹಾಕಿದ್ದಾಳೆ. ಬಸ್ಸಿನಲ್ಲಿ ಕಂಡಕ್ಟರಿಗೆ ಎದುರು ಮಾತು. ಬೈದರೆ, "ಅಣ್ಣನಿಗೋಸ್ಕರ ಆಡ್ತಿದೀನಿ" ಎನ್ನುತ್ತಾಳೆ. ಕೆಲಸದಲ್ಲಿ ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.


ಮಾರ್ಚ್ ೫, ಬುಧವಾರ

ಅವನ ಅಂಗೈ, ಅಂಗಾಲು, ಕಿವಿ ಕೆಂಪಾಗಿವೆಯಂತೆ. ಬಿಸಿಲಿಗೆ ಸುಟ್ಟಂತೆ, ಉರಿ ಎನ್ನುತ್ತಾನೆ. ಭೇದಿಯೂ ಶುರುವಾಗಿದೆ. ಇವರು, "ಏನಿಲ್ಲ, ಔಷಧಿ ಕೊಟ್ಟಿದಾರೆ" ಎಂದು ಬೇಗ ಫೋನಿಟ್ಟರು. ಏನಿಲ್ಲದಿದ್ದರೆ ಇಷ್ಟು ಬೇಗ ಇಡುವವರಲ್ಲ.


ಮಾರ್ಚ್ ೭, ಶುಕ್ರವಾರ

ಡಾಕ್ಟರು ನನ್ನನ್ನು ಕರೆಸಿ ಕೂರಿಸಿ ಹೇಳಿದರು. ತಂಗಿಯ ಕಣಗಳು ಚೆನ್ನಾಗಿ ಬೆಳೆಯುತ್ತಿವೆ. ಆದರೆ ಅವಕ್ಕೆ ಇವನ ಮೈ ಹೊಸದು. ಯಾರೋ ಹೊರಗಿನವನೆಂದು ತಿಳಿದು ಚರ್ಮದ ಮೇಲೆ, ಕರುಳಿನ ಮೇಲೆ ಬೀಳುತ್ತಿವೆ. ಹೀಗೆ ಆಗುವುದುಂಟು. ಅಡಗಿಸುವ ಔಷಧಿ ಕೊಡುತ್ತಿದ್ದಾರೆ, ಕೇಳಿದರೆ ಸರಿ, ಕೇಳದಿದ್ದರೆ ಕಷ್ಟ. "ಇದರಲ್ಲಿ ಯಾರ ತಪ್ಪೂ ಇಲ್ಲಮ್ಮ" ಎಂದೂ ಹೇಳಿದರು. ನಾನು ತಪ್ಪಿನ ಮಾತು ಎತ್ತಿರಲೇ ಇಲ್ಲ.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಕಿವಿ ಸ್ವಲ್ಪ ಮಂದ, ಕೂಗಿ ಹೇಳಬೇಕು.

"ಮೆಣಸಿನ ರಕ್ತ ಈಗ ಅವನ ಮೇಲೇ ಜಗಳಕ್ಕೆ ಬಿದ್ದಿದೆಯಂತೆ ಅಕ್ಕ. ಕಾಯಿಲೆ ಜೊತೆ ಆಡು ಅಂತ ಕಳಿಸಿದ್ರೆ ಅವನ ಜೊತೆ ಆಡ್ತಿದೆ. ಮೈಯೆಲ್ಲ ಸುಟ್ಟ ಹಾಗಾಗಿದೆ. ಅದು ನಿಲ್ಲದೇ ಇದ್ರೆ ಹುಡುಗ ಉಳಿಯಲ್ಲ."

ಮೆಣಸು ಅಲ್ಲೇ ಗೋಡೆಗೆ ಒರಗಿ ಲೆಕ್ಕ ಮಾಡುತ್ತಿದ್ದಳು. ನಾನು ಅಳುವುದು ನೋಡಿ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಯಾವತ್ತೂ ಹಾಗೆ ಮಾಡಿದವಳಲ್ಲ.


ಮಾರ್ಚ್ ೧೨, ಬುಧವಾರ

ಔಷಧಿ ಇನ್ನೂ ಹಿಡಿದಿಲ್ಲ.

ಮೆಣಸು ಈ ವಾರ ಒಂದು ದಿನವೂ ಗಲಾಟೆ ಮಾಡಿಲ್ಲ. ಹಾಕಿದ್ದನ್ನು ತಿನ್ನುತ್ತಾಳೆ. ತಲೆ ಬಾಚುವಾಗ ಸಿಕ್ಕು ಎಳೆದರೂ ಕಿರುಚುವುದಿಲ್ಲ. ಈ ಹೊತ್ತಿನಲ್ಲಿ ಅಷ್ಟಾದರೂ ಆಯಿತಲ್ಲ.


ಮಾರ್ಚ್ ೧೬, ಭಾನುವಾರ

ಗಾಜಿನ ಆಚೆಯಿಂದ ನೋಡಿದೆ. ಔಷಧಿಗೆ ಮುಖ ಊದಿ ಬೇರೆ ಯಾರದೋ ಮಗುವಿನಂತಾಗಿದ್ದಾನೆ. ಕಣ್ಣು ಮಾತ್ರ ಅವನವೇ. ಗಾಜಿನ ಪಕ್ಕದ ಫೋನಿನಲ್ಲಿ ಮೆಣಸು, "ಹೇಗಿದೀಯ ಅಣ್ಣ? ಊಟ ಮಾಡಿದ್ಯಾ ಅಣ್ಣ?" ಎಂದು ಕೇಳಿದಳು. ಅವನು ಅವಳನ್ನು ಕೋತಿ ಎಂದ, ಹಲ್ಲುಬ್ಬಿ ಎಂದ, ನಿನ್ನ ಬಣ್ಣದ ಪೆನ್ಸಿಲುಗಳನ್ನೆಲ್ಲ ಇಲ್ಲಿ ಒಬ್ಬ ಹುಡುಗನಿಗೆ ಕೊಟ್ಟುಬಿಟ್ಟೆ ಎಂದು ಸುಳ್ಳು ಹೇಳಿದ. ಅವಳು, "ಪರವಾಗಿಲ್ಲ ಅಣ್ಣ" ಎಂದಳು.

ಆಮೇಲೆ ಅವನು ನನ್ನನ್ನು ಕೇಳಿದ. "ಅಮ್ಮ, ಇವಳಿಗೇನಾಗಿದೆ? ಎಷ್ಟು ಕೆಣಕಿದ್ರೂ ಬಯ್ತಾನೇ ಇಲ್ಲ."

"ಬುದ್ಧಿ ಬಂದಿದೆ ಕಣೋ ಅವಳಿಗೆ. ನಿನಗೆ ಹುಷಾರಿಲ್ಲ ಅಂತ ಗೊತ್ತಲ್ಲ."

"ಬೇಜಾರು" ಎಂದ. ಇನ್ನೇನೋ ಹೇಳಲು ಹೋದ, ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡ. ಇವರು ಪರದೆ ಎಳೆದರು.


ಮಾರ್ಚ್ ೨೦, ಗುರುವಾರ

ಶಾಲೆಯಿಂದ ಕರೆ ಬಂತು. ಅರ್ಧ ದಿನ ರಜೆ ಕೇಳಿ ಹೋದೆ. ಊಟದ ಡಬ್ಬಿಯ ಸೇಡು ಇಟ್ಟುಕೊಂಡಿದ್ದ ಹುಡುಗಿ ಮೆಣಸಿನ ಜಡೆ ಹಿಡಿದು ಎಳೆದು ಕೆಡವಿದ್ದಾಳೆ. ತುಟಿ ಒಡೆದು ಊದಿಕೊಂಡಿದೆ.

ಟೀಚರು, "ಇವಳು ತಿರುಗಿಸಿ ಒಂದು ಏಟು ಕೊಡಲಿಲ್ಲ, ಒಂದು ಮಾತು ಆಡಲಿಲ್ಲ. ಎದ್ದು ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನಿಂತಿದ್ಲು. ಎಷ್ಟು ಬದಲಾಗಿದಾಳೆ ನೋಡಿ. ಮನೇಲಿ ಕಷ್ಟ ಬಂದ್ರೆ ಮಕ್ಕಳು ಬೇಗ ದೊಡ್ಡವರಾಗಿಬಿಡ್ತಾರೆ" ಎಂದರು. ಒಳ್ಳೆಯ ಮಾತು ಹೇಳಿದ್ದಕ್ಕೆ ಕೈ ಮುಗಿದು ಬಂದೆ. ತುಟಿಗೆ ಮಂಜುಗಡ್ಡೆ ಒತ್ತಿ ಮತ್ತೆ ಕೆಲಸಕ್ಕೆ ಹೋದೆ.


ಮಾರ್ಚ್ ೨೬, ಬುಧವಾರ

ಮಗನ ಕಣ್ಣು ಹಳದಿಯಾಗಿದೆ. ತಂಗಿಯ ಕಣಗಳು ಈಗ ಯಕೃತ್ತಿನ ಮೇಲೂ ಬಿದ್ದಿವೆ. ಇನ್ನೊಂದು ಔಷಧಿಗೆ ಬದಲಿಸಿದ್ದಾರೆ. ಅದರ ಮೇಲೆ ಸೋಂಕು, ಜ್ವರ.

ಹೊಲಿಗೆ ತಪ್ಪಿ ಒಂದು ಇಡೀ ಸೀಟಿನ ಕವರು ಹಾಳು ಮಾಡಿದೆ. ಫೋಮಣ್ಣ ತಾನೇ ಕೂತು ಹೊಲಿಗೆ ಬಿಚ್ಚಿದ. ಈಗ ಅವನು ತಮಾಷೆ ಮಾಡುವುದಿಲ್ಲ.

ಮೆಣಸಿಗೆ ಸ್ನಾನ ಮಾಡಿಸುವಾಗ ನೋಡಿದೆ, ಸೊಂಟದ ಹಿಂದೆ ಸೂಜಿಯ ಗುರುತು ಇನ್ನೂ ಇದೆ. ಅವಳು ಅದರ ಮೇಲೆ ಅಂಗೈ ಇಟ್ಟುಕೊಂಡು ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು.

"ಏನೇ ಅದು?"

"ಏನಿಲ್ಲಮ್ಮ. ಆಟ."


ಮಾರ್ಚ್ ೩೧, ಸೋಮವಾರ

ಇಂದು ನನ್ನನ್ನು ಒಳಗೆ ಬಿಟ್ಟರು. ಯಾಕೆ ಬಿಟ್ಟರೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೌನು, ಕೈಗವಸು, ಮುಖಕ್ಕೆ ಬಟ್ಟೆ. ಇವರು ಕುರ್ಚಿ ಬಿಟ್ಟು ಎದ್ದರು. ಎರಡು ತಿಂಗಳು ಅವರು ಕೂತ ಕುರ್ಚಿ, ಸ್ಪಂಜು ಅವರ ಮೈಯ ಆಕಾರಕ್ಕೆ ತಗ್ಗಿಹೋಗಿದೆ. ನಾನು ಕೂತರೆ ಆ ತಗ್ಗು ನನಗೆ ದೊಡ್ಡದಾಯಿತು.

ಅಂಗೈಯ ಚರ್ಮ ಸುಲಿದುಹೋಗಿದೆ. ಹಿಡಿದುಕೊಳ್ಳಲು ಜಾಗವೇ ಇಲ್ಲ. ಮುಂಗೈಯ ಒಂದು ಕಡೆ ಚೆನ್ನಾಗಿತ್ತು, ಅಲ್ಲಿ ಎರಡು ಬೆರಳು ಇಟ್ಟೆ.

"ನೆಗಡಿ ಹೋಯ್ತಾ?" ಎಂದು ಕೇಳಿದ.

"ಹೋಯ್ತು ಕಂದ."

"ತುಂಬಾ ಲೇಟು ನೀನು" ಎಂದು ಕಣ್ಣು ಮುಚ್ಚಿದ. ಸಂಜೆಯವರೆಗೂ ಕೂತಿದ್ದೆ. ಮತ್ತೆ ಮಾತಾಡಲಿಲ್ಲ.


ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ಹೋದ. ನಾನು ಮೆಣಸಿಗೆ ಶಾಲೆಯ ಬಟ್ಟೆ ಹಾಕುತ್ತಿದ್ದೆ.


ಏಪ್ರಿಲ್ ೧೪, ಸೋಮವಾರ

ಕೆಲಸಕ್ಕೆ ಹೋಗಲು ಶುರು ಮಾಡಿದೆ. ಒಂದು ಸಿನಿಮಾ ಥಿಯೇಟರಿನ ಸೀಟುಗಳು ಬಂದಿವೆ. ಕೈಯಿಡುವ ಜಾಗದಲ್ಲೆಲ್ಲ ಜನ ಉಗುರಿನಿಂದ ಕಿತ್ತಿದ್ದಾರೆ. ಹಳೆಯ ಬಟ್ಟೆ ಕೀಳುವುದು, ಮೊಳೆ ತೆಗೆಯುವುದು, ಹೊಸದು ಎಳೆದು ಕೂರಿಸುವುದು. ಕೈ ತಾನಾಗಿಯೇ ಮಾಡುತ್ತದೆ.

ಇವರು ವ್ಯಾನು ಮುಟ್ಟಿಲ್ಲ. ಬೇರೆ ಮಕ್ಕಳನ್ನು ಹತ್ತಿಸಿಕೊಳ್ಳಲು ಆಗುವುದಿಲ್ಲ ಎನ್ನುತ್ತಾರೆ. ಇಡೀ ದಿನ ಕೂತಿರುತ್ತಾರೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು, ಬರೆಯಲು ನಾಚಿಕೆಯಾಗುತ್ತದೆ. ಅವನ ಕೊನೆಯ ದಿನಗಳ ಮಾತುಗಳೆಲ್ಲ ಅವರ ಹತ್ತಿರ ಇವೆ, ನನ್ನ ಹತ್ತಿರ ಒಂದು ಸಂಜೆ. ಅವರನ್ನು ಕೇಳಿಯೇಬಿಟ್ಟೆ.

"ನನ್ನ ಬಗ್ಗೆ ಏನಾದ್ರೂ ಅಂದ್ನಾ?"

"ನಿಂದೂ ಕೇಳ್ತಿದ್ದ. ಮೆಣಸಿಂದೇ ಜಾಸ್ತಿ. ಅವಳ್ಯಾಕೆ ಬಯ್ತಿಲ್ಲ, ನಾನು ಸಾಯ್ತೀನಿ ಅಂತ ಹೇಳಿಬಿಟ್ಟಿದೀರಾ ಅವಳಿಗೆ, ಅಂತ."

"ನೀವೇನಂದ್ರಿ?"

"ಇಲ್ಲ ಅಂದೆ. ಇನ್ನೇನನ್ನಲಿ?"

ಮೆಣಸು ತನ್ನ ತಟ್ಟೆ ತಾನೇ ತೊಳೆದಿಟ್ಟು ಮಲಗಿದಳು. ಹಾಸಿಗೆಯ ಒಂದು ಅಂಚಿನಲ್ಲಿ, ಗೋಡೆಗೆ ಅಂಟಿಕೊಂಡು.


ಏಪ್ರಿಲ್ ೨೨, ಮಂಗಳವಾರ

ಅಕ್ಕ ಬಂದಿದ್ದಳು. ಮಗನ ಬೂಟು, ಚೀಲ ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ತೆಗೆದಿಟ್ಟಳು. ಮೆಣಸಿನ ಬಣ್ಣದ ಪೆನ್ಸಿಲಿನ ಡಬ್ಬಿಯೂ ಅದರ ಜೊತೆ ಹೋಯಿತು. ಅಕ್ಕ ಹೊರಟ ಮೇಲೆ ನಾನು ನೋಡಿದ್ದು.

"ನಿಂದು ಅಂತ ದೊಡ್ಡಮ್ಮನಿಗೆ ಹೇಳಬಾರದಿತ್ತಾ?"

ಅವಳು ಬೇರೆಯದನ್ನೇ ಕೇಳಿದಳು.

"ಅಮ್ಮ, ಇನ್ನು ಜಗಳ ಆಡಬಹುದಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಾನು ಒಂದ್ಸಲಾನೂ ಆಡ್ಲಿಲ್ಲ. ನಾನು ಆಡಿದ್ರೆ ಅಲ್ಲಿ ಅಣ್ಣನ ಒಳಗೂ ಆಡುತ್ತೆ ಅಂದಿದ್ಯಲ್ಲ. ಅಣ್ಣನ ಮೇಲೆ ಜಗಳಕ್ಕೆ ಬಿದ್ದಿದೆ, ನಿಲ್ಲದೇ ಇದ್ರೆ ಉಳಿಯಲ್ಲ ಅಂತ ದೊಡ್ಡಮ್ಮನಿಗೂ ನೀನೇ ಹೇಳಿದೆ. ಅದಕ್ಕೇ ನಾನು ನಿಲ್ಲಿಸಿದೆ. ಸುಮ್ನಿರು, ಸುಮ್ನಿರು ಅಂತ ಅದಕ್ಕೆ ದಿನಾ ಹೇಳ್ತಿದ್ದೆ." ಸೊಂಟದ ಹಿಂದೆ ಕೈಯಿಟ್ಟು ತೋರಿಸಿದಳು. "ಒಂದ್ಸಲ ಮಾತ್ರ ಮನಸ್ಸಲ್ಲಿ ಆಡ್ದೆ. ಆ ಹುಡುಗಿ ಜಡೆ ಎಳೆದ್ಲಲ್ಲ, ಅವತ್ತು. ಕೈಯಲ್ಲಿ ಆಡ್ಲಿಲ್ಲ. ಮನಸ್ಸಲ್ಲಿ. ಅದಕ್ಕೇನಾ ಅಮ್ಮ?"

ಇವರು ಗೋಡೆಗೆ ಒರಗಿ ಕೂತಿದ್ದವರು ಎದ್ದು ಬಂದು ಅವಳನ್ನು ಎತ್ತಿಕೊಂಡರು. ಏಳು ವರ್ಷದ ಮಗುವನ್ನು ಕೂಸಿನ ಹಾಗೆ. ನಾನು, ಅಲ್ಲ, ಅಲ್ಲ ಎಂದೆ. ಅದು ನೀನು ಹೇಳಿದ್ದನ್ನು ಕೇಳುವುದಿಲ್ಲ, ಸೂಜಿ ಹಾಕಿಸಿಕೊಳ್ಳಲಿ ಎಂದು ಅಮ್ಮ ಹೇಳಿದ ಸುಳ್ಳು ಅದು, ಎಂದೆ. ಅವಳು ಅಪ್ಪನ ಹೆಗಲ ಮೇಲಿನಿಂದ ನನ್ನನ್ನು ನೋಡುತ್ತಿದ್ದಳು. ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ ಎಂದು ತೂಗಿ ನೋಡುವ ಹಾಗೆ.


ಏಪ್ರಿಲ್ ೨೯, ಮಂಗಳವಾರ

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬೇರೆ ರೋಗಿಗಳನ್ನು ಕಾಯಿಸಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕತ್ತರಿಸಿದ ಉಗುರು ನಿನ್ನ ಮಾತು ಕೇಳುತ್ತದೆಯೇ, ಹಾಗೆಯೇ ಕೊಟ್ಟ ರಕ್ತವೂ ಕೇಳುವುದಿಲ್ಲ, ಅಣ್ಣನ ಕಾಯಿಲೆ ಬಹಳ ದೊಡ್ಡದಿತ್ತು, ಅವನಿಗೆ ಉಳಿಯುವ ಒಂದು ದಾರಿ ಕೊಟ್ಟವಳು ನೀನೇ, ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಗೊತ್ತಾಯ್ತಾ ಪುಟ್ಟಿ?"

"ಗೊತ್ತಾಯ್ತು ಡಾಕ್ಟ್ರೇ" ಎಂದಳು ಒಳ್ಳೆಯ ಹುಡುಗಿಯಾಗಿ.

ಬಸ್ಸಿನಲ್ಲಿ ಒಬ್ಬಾಕೆ ಅವಳ ಕಾಲು ತುಳಿದಳು. ಮೆಣಸು ಕಾಲು ಒಳಗೆ ಎಳೆದುಕೊಂಡು, "ಪರವಾಗಿಲ್ಲ ಆಂಟಿ" ಎಂದಳು.


ಮೇ ೪, ಭಾನುವಾರ

ಇವರು ನಿನ್ನೆ ವ್ಯಾನು ತೊಳೆದರು. ಶಾಲೆ ತೆರೆದಾಗ ಹೊರಗೆ ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ.

ಮಧ್ಯಾಹ್ನ ಮೆಣಸು ಬಾಗಿಲ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಹಣ್ಣು ಬಿಡಿಸುತ್ತಿದ್ದಳು. ತೊಳೆಗಳ ಮೇಲಿನ ಬಿಳಿಯ ನಾರನ್ನು ಒಂದೊಂದಾಗಿ ತೆಗೆದು ತೊಳೆಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದು ತೊಳೆ ಎತ್ತಿ ಬಾಯಿಗೆ ಹಾಕಿಕೊಂಡೆ. ಅವಳು ನೋಡಿದಳು. ತಟ್ಟೆಯನ್ನು ನನ್ನ ಕಡೆ ಸ್ವಲ್ಪ ತಳ್ಳಿದಳು.

ಇನ್ನೊಂದು ತಿಂದೆ. ಇನ್ನೊಂದು. ಬಿಡಿಸಿದ ಕಷ್ಟ ಅವಳದು, ತಿನ್ನುವವಳು ನಾನು. ಇವರು ಒಳಗಿನಿಂದ, "ಏನೇ ಅದು, ಮಗೂದೆಲ್ಲ ತಿಂದು ಹಾಕ್ತಿದೀಯ" ಎಂದರು. ಸುಮ್ಮನಿರಿ ಎಂದು ಕೈ ಮಾಡಿದೆ. ತಟ್ಟೆಯಲ್ಲಿ ಒಂದೇ ತೊಳೆ ಉಳಿಯಿತು. ಅವಳ ಕೈ ಅದರ ಕಡೆ ಬಂತು, ನಾನು ಮೊದಲೇ ಎತ್ತಿಕೊಂಡೆ.

ಅವಳ ಕೈ ಖಾಲಿ ತಟ್ಟೆಯ ಮೇಲೆ ಹಾಗೆಯೇ ನಿಂತಿತು. ಕೆಳತುಟಿ ಸ್ವಲ್ಪ ಮುಂದೆ ಬಂತು. ಆಚೆ ನೋಡಿದಳು, ಈಚೆ ನೋಡಿದಳು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

"ಅದು ನಂದು" ಎಂದಳು, ತೀರಾ ಮೆಲ್ಲಗೆ.

ಕೊಡಲಿಲ್ಲ. ಇನ್ನೊಂದು ಸಲ ಹೇಳಲಿ ಎಂದು ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.